ಅಂಡಮಾನ್ ರಜೆ: ಮೊದಲು ಪಂಚಾಂಗ, ಆಮೇಲೆ ಟಿಕೆಟ್

ಮುಂಬಯಿಯವರಾದ ನಮಗೆ ಒಂದು ಚಟ. ಬೆಳಗಿನ ಲೋಕಲ್ ಹಿಡಿಯುವ ಲೆಕ್ಕದಲ್ಲೇ ರಜೆಯನ್ನೂ ಹೊಂದಿಸುತ್ತೇವೆ. ಡೊಂಬಿವಲಿಯ ಕನ್ನಡದವರು ಯಾರೇ ಅಂಡಮಾನ್ ಪ್ಲಾನ್ ತಂದು ತೋರಿಸಲಿ, ಆರು ರಾತ್ರಿಗೆ ಮೂರು ದ್ವೀಪ, ನಾಲ್ಕು ಹೋಟೆಲ್ ಇರುತ್ತದೆ. ನಾನು ಮೊದಲು ಹೊಡೆದುಹಾಕುವುದು ನೀಲ್ ದ್ವೀಪವನ್ನು. ಅದು ಚೆನ್ನಾಗಿಲ್ಲವೆಂದಲ್ಲ, ದ್ವೀಪ ಬದಲಿಸಿದ ದಿನ ಅರ್ಧ ದಿನ ಹೋಗಿಬಿಡುತ್ತದೆ. ರೂಮು ಖಾಲಿ ಮಾಡಿ, ಜೆಟ್ಟಿಯಲ್ಲಿ ಕಾದು, ದೋಣಿ ಇಳಿದು ಆಟೊ ಹಿಡಿದು, ಮತ್ತೆ ಹೊಸ ರೂಮಿಗೆ ಕಾಯಬೇಕು. ಹಾಗಾಗಿ ಹ್ಯಾವ್‌ಲಾಕ್ ದ್ವೀಪದಲ್ಲಿ ನಾಲ್ಕು ರಾತ್ರಿ, ಹೋಗುವಾಗ ಒಂದು, ಬರುವಾಗ ಒಂದು ವಿಮಾನ ಇಳಿಯುವ ಪೋರ್ಟ್ ಬ್ಲೇರ್‌ನಲ್ಲಿ. ಟಿಕೆಟ್‌ಗಳಲ್ಲಿ ಇವೇ ಊರುಗಳು ಸ್ವರಾಜ್ ದ್ವೀಪ, ಶ್ರೀ ವಿಜಯಪುರಂ ಎಂದಿದ್ದರೆ ಗಾಬರಿ ಬೇಡ.

ಕೊನೆಯ ರಾತ್ರಿ ಪೋರ್ಟ್ ಬ್ಲೇರ್‌ನಲ್ಲೇ ಇರಬೇಕು. ಸಮುದ್ರ ಕೆಟ್ಟರೆ ಫೆರಿ ರದ್ದಾಗುತ್ತದೆ. ಬೆಳಿಗ್ಗೆ ದೋಣಿ, ಮಧ್ಯಾಹ್ನ ವಿಮಾನ ಎಂದು ಜೋಡಿಸಿದವರಿಗೆ ಎರಡೂ ತಪ್ಪುತ್ತವೆ. ಸ್ಕೂಬಾ ಮಾಡುವವರಿಗೆ ಇದೇ ರಾತ್ರಿ ಇನ್ನೊಂದು ಕೆಲಸಕ್ಕೂ ಬರುತ್ತದೆ. ಆಳದಲ್ಲಿ ಉಸಿರಾಡುವಾಗ ರಕ್ತದಲ್ಲಿ ಕರಗಿದ ನೈಟ್ರೋಜನ್ ನಿಧಾನವಾಗಿ ಹೊರಬರಬೇಕು. ಅದಕ್ಕೆ ಮೊದಲೇ ವಿಮಾನ ಹತ್ತಿದರೆ ಅದು ರಕ್ತದಲ್ಲೇ ಗುಳ್ಳೆಗಟ್ಟುವ ಅಪಾಯವಿದೆ. ಮುಳುಗಿದ್ದಕ್ಕೂ ವಿಮಾನಕ್ಕೂ ನಡುವೆ ಕನಿಷ್ಠ 18 ಗಂಟೆ ಬಿಡಿ. ನಾನಂತೂ ಪೂರ್ತಿ ಒಂದು ದಿನ ಬಿಡುತ್ತೇನೆ.

ಇನ್ನು ಹೆಚ್ಚಿನವರು ನೋಡದೇ ಇರುವುದು ಉಬ್ಬರ-ಇಳಿತ. ಹ್ಯಾವ್‌ಲಾಕ್‌ನ ಪೂರ್ವ ದಂಡೆಯ ಮೂರು, ಐದನೇ ನಂಬರಿನ ಬೀಚ್‌ಗಳಲ್ಲಿ ಹೋಟೆಲುಗಳು ಸಾಲಾಗಿವೆ, ಫೋಟೊದಲ್ಲಿ ನೀರು ಮೆಟ್ಟಿಲಿಗೇ ತಾಗಿದಂತಿರುತ್ತದೆ. ಇಳಿತದಲ್ಲಿ ಅದೇ ನೀರು ಎಷ್ಟೋ ದೂರ ಸರಿದು, ಹವಳದ ಕಲ್ಲುಗಳು ಎದ್ದು ನಿಲ್ಲುತ್ತವೆ. ಈಜುವ ಮಾತು ಬಿಡಿ, ಬರಿಗಾಲಲ್ಲಿ ನಡೆದರೆ ಕಾಲು ಕೊಯ್ಯುತ್ತದೆ. ಅಡುಗೆಮನೆಯ ಕಾಲನಿರ್ಣಯ ಕ್ಯಾಲೆಂಡರ್ ತೆಗೆದು ನೋಡಿ: ಅಮಾವಾಸ್ಯೆ, ಹುಣ್ಣಿಮೆಗೆ ಏರಿಳಿತ ಜಾಸ್ತಿ, ಅಷ್ಟಮಿಯ ಆಸುಪಾಸಿನಲ್ಲಿ ಕಡಿಮೆ. ಉಬ್ಬರ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ. ಶನಿವಾರ ಬೆಳಿಗ್ಗೆ 10ಕ್ಕಿದ್ದರೆ ಮಂಗಳವಾರ 12.30ರ ಸುಮಾರಿಗೆ. ಉಬ್ಬರದ ಹೊತ್ತು ಹೋಟೆಲಿನ ಎದುರು ನೀರಿಗಿಳಿಯಿರಿ, ಇಳಿತದ ಹೊತ್ತು ಮಲಗಿ, ಇಲ್ಲವೇ ದ್ವೀಪದ ಪಶ್ಚಿಮ ದಂಡೆಯ ರಾಧಾನಗರ ಬೀಚ್‌ಗೆ ಹೋಗಿ. ಅಲ್ಲಿ ಮರಳಿನ ತಳ, ಇಳಿತದಲ್ಲೂ ಈಜಬಹುದು. ಮೊಸಳೆಯ ಬೋರ್ಡ್ ಇರುವ ಕಡೆ, ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಹಳ್ಳದ ಬಾಯಲ್ಲಿ, ಖಂಡಿತ ಇಳಿಯಬೇಡಿ.

ಕೈಯಲ್ಲಿ ನಗದು ಇರಲಿ, ಎಟಿಎಂ ಬೆರಳೆಣಿಕೆಯಷ್ಟು. ವಾಂತಿಯ ಮಾತ್ರೆ ದೋಣಿ ಹತ್ತುವ ಅರ್ಧ ಗಂಟೆ ಮೊದಲು, ಹೊಟ್ಟೆ ತೊಳಸಲು ಶುರುವಾದ ಮೇಲಲ್ಲ.

ಗಡಿಯಾರ ನಮ್ಮದೇ, ಸೂರ್ಯ ಮಾತ್ರ ಬೇರೆ. ಡಿಸೆಂಬರಿನಲ್ಲಿ ಇಲ್ಲಿ ಆರಕ್ಕೆ ಮುಳುಗುವವನು ಅಲ್ಲಿ ಐದಕ್ಕೇ ಮುಳುಗುತ್ತಾನೆ. ರಾಧಾನಗರದಲ್ಲಿ ಸೂರ್ಯಾಸ್ತ ನೋಡಬೇಕಿದ್ದರೆ ನಾಲ್ಕಕ್ಕೆ ಅಲ್ಲಿರಬೇಕು, ಅಂದರೆ ಮೂರಕ್ಕೇ ಚಹಾ.