ಅವಿಲ್ ಹಿಂದಿಟ್ಟು ಅಡ್ರಿನಲಿನ್ ಮುಂದಿಟ್ಟ ಕಥೆ

ಪಾಂಡವಪುರದ ಕಡೆ ಹಳ್ಳಿ ಕ್ಲಿನಿಕ್ಕು ನನ್ನದು. ಕಬ್ಬು ಕಡಿಯುವ ಕಾಲಕ್ಕೆ ಹೆಜ್ಜೇನು ಎದ್ದರೆ ಕಚ್ಚಿಸಿಕೊಂಡವರು ಮೊದಲು ಬರುವುದು ಇಲ್ಲಿಗೇ. ಮುಂಚೆ ನಾನೂ ಎಲ್ಲರಂತೆ ಆ ವಿಷದ ಅಲರ್ಜಿಗೆ ಅಂತ ತುರಿಕೆ ಇಳಿಸುವ ಅವಿಲ್, ಸ್ಟೀರಾಯ್ಡ್ ಆದ ಡೆಕಡ್ರಾನ್ ಚುಚ್ಚಿ ಕೂರುತ್ತಿದ್ದೆ. ಬಹಳ ಮಂದಿ ಎದ್ದು ಹೋಗುತ್ತಿದ್ದರು. ಏನೂ ಕೊಡದಿದ್ದರೂ ಅವರು ಎದ್ದು ಹೋಗುವವರೇ ಅಂತ ಹೊಳೆದದ್ದು ತಡವಾಗಿ.

ಹೊಳೆಸಿದವನು ಹೆಜ್ಜೇನು ಕಚ್ಚಿಸಿಕೊಂಡು ಬಂದ ಒಬ್ಬ ಆಲೆಮನೆ ಆಳು. ಮೈಮೇಲೆ ಒಂದು ದದ್ದಿಲ್ಲ. ವಾಂತಿ, ಹೊಟ್ಟೆ ನುಲಿತ, "ಕಣ್ ಕತ್ಲೆ ಬತ್ತದೆ ಸಾ" ಅಂದ. ಗ್ಯಾಸ್ಟ್ರಿಕ್ ಅಂದುಕೊಂಡು ಬೆಂಚಿನ ಮೇಲೆ ಕೂರಿಸಿದೆ. ಹತ್ತು ನಿಮಿಷಕ್ಕೆ ಬಿಪಿ ಸಿಗಲಿಲ್ಲ. ದದ್ದಿಲ್ಲದೆಯೇ ಅಲರ್ಜಿ ಮೈಗೆಲ್ಲ ಏರಿತ್ತು. ಆಂಬುಲೆನ್ಸ್ ಮಂಡ್ಯ ಮುಟ್ಟುವವರೆಗೆ ನನಗೇ ಉಸಿರಿರಲಿಲ್ಲ. ಬದುಕಿದ, ನನ್ನ ಪುಣ್ಯ.

ಅಲ್ಲಿಂದಾಚೆ ದದ್ದು ಹುಡುಕುವುದು ಬಿಟ್ಟೆ. ಕಚ್ಚಿದ ಮೇಲೆ ದನಿ ಗೊಗ್ಗರಾದರೆ, ಉಸಿರು ಸುಯ್‌ಗುಟ್ಟಿದರೆ, ಬಿಪಿ ಇಳಿದರೆ ಮಲಗಿಸಿ ಕಾಲೆತ್ತಿಸಿ, ಬಿಪಿ ಏರಿಸಿ ಉಸಿರುದಾರಿ ಬಿಡಿಸುವ ಅಡ್ರಿನಲಿನ್. ಉಸಿರಿಗೆ ಒದ್ದಾಡುವವರನ್ನು ಮಾತ್ರ ಒರಗಿಸಿ ಕೂರಿಸುವುದು. ದೊಡ್ಡವರಿಗೆ ಒಂದಕ್ಕೆ ಸಾವಿರದ್ದು (ಎಂಎಲ್‌ಗೆ ಒಂದು ಮಿಲಿಗ್ರಾಂ ಇರುವುದು) ಅರ್ಧ ಎಂಎಲ್, ತೊಡೆಯ ಹೊರಬದಿ ಸ್ನಾಯುವಿಗೆ. ಸುಧಾರಿಸದಿದ್ದರೆ ಐದು ನಿಮಿಷಕ್ಕೆ ಇನ್ನೊಂದು. ಅವಿಲ್ ಆಮೇಲೆ, ತುರಿಕೆಗೆ.

"ಹಾರ್ಟ್ ನಿಲ್ಲಿಸಿ ಜೈಲಿಗೆ ಹೋಗ್ತೀಯ ಕಣಯ್ಯ" ಅಂದ ಮೈಸೂರಿನ ಗೆಳೆಯ. ಅವನ ಹೆದರಿಕೆ ನರಕ್ಕೆ ಕೊಡುವುದಕ್ಕೆ ಸರಿ, ತೊಡೆಗಲ್ಲ. ಇಪ್ಪತ್ತರ ಮೇಲೆ ಕೊಟ್ಟಿದ್ದೇನೆ. ಎದೆ ಡವಗುಟ್ಟಿ ಕೈ ನಡುಗಿದ್ದು ಬಿಟ್ಟರೆ ಏನೂ ಆಗಿಲ್ಲ. ಹೋದ ಸುಗ್ಗಿಯಲ್ಲಿ ತುಟಿ ಊದಿ ಮಾತೇ ನಿಂತಿದ್ದ ಹೆಂಗಸು ಏಳೆಂಟು ನಿಮಿಷಕ್ಕೆ ಕಣ್ಣು ಬಿಟ್ಟು, "ನನ್ ಮಚ್ಚು ಯಾರ್ ತಕಂಡ್ರು?" ಅಂದಳು. ಗೆಳೆಯನಿಗೆ ಅವತ್ತೇ ಫೋನು ಮಾಡಿದೆ.

ಖರ್ಚೇನು ಮಹಾ? ಆಂಪೂಲಿಗೆ, ಅಂದರೆ ಔಷಧದ ಪುಟ್ಟ ಗಾಜಿನ ಸೀಸೆಗೆ, ಹತ್ತಿಪ್ಪತ್ತು ರೂಪಾಯಿ. ಸ್ಟೀಲ್ ಊಟದ ಡಬ್ಬಿಯಲ್ಲಿ ಆರು ಆಂಪೂಲು, ಸಿರಿಂಜು. ಡೇಟ್ ಮುಗಿದು ಎಸೆಯುವುದು ವರ್ಷಕ್ಕೆ ನೂರು ಚಿಲ್ಲರೆ. ತೊಡೆಗೆ ಒತ್ತಿದರೆ ತಾನೇ ಚುಚ್ಚುವ ಹೊರದೇಶದ ಅಡ್ರಿನಲಿನ್ ಪೆನ್ ವಿಚಾರಿಸಿದೆ. ಸಾವಿರಗಳ ಮಾತಾಡಿದರು, ಸುಮ್ಮನಾದೆ.

ಸಿರಿಂಜಿಗೆ ಮೊದಲೇ ತುಂಬಿಟ್ಟರೆ ಹೇಗೆ ಅಂತಲೂ ನೋಡಿದೆ. ಕಿಟಕಿ ಪಕ್ಕ ಇಟ್ಟದ್ದು ಕೆಲವೇ ವಾರಕ್ಕೆ ನಸುಗೆಂಪು ತಿರುಗಿತು, ಚೆಲ್ಲಿದೆ. ಅದರ ಬದಲು ಸಿಸ್ಟರ್‌ಗೆ ಡಿಸ್ಟಿಲ್ಡ್ ವಾಟರ್ ಆಂಪೂಲಿನಲ್ಲಿ ಒಡೆದು ತುಂಬುವ ತಾಲೀಮು ಮಾಡಿಸಿದೆ. ಒಂದೂವರೆ ನಿಮಿಷ ಹಿಡಿಯುತ್ತಿದ್ದ ಕೆಲಸ ಈಗ ಅರ್ಧ ನಿಮಿಷ.

ಉಳಿದ ಕಷ್ಟ ಒಂದೇ. ಇಳಿದ ಅಲರ್ಜಿ ಕೆಲವು ಗಂಟೆ ಬಿಟ್ಟು ತಿರುಗಿ ಏರುವುದುಂಟು, ಅದಕ್ಕೆ ದೊಡ್ಡಾಸ್ಪತ್ರೆಗೆ ಹೋಗಿ ಮಲಗಿ ಅಂದರೆ, "ಹಸ ಕರೀಬೇಕು ಸಾ" ಅಂತ ಎದ್ದು ಚಪ್ಪಲಿ ಹುಡುಕುತ್ತಾರೆ. ಅವರನ್ನು ಗಾಡಿ ಹತ್ತಿಸಲು ನನ್ನದೊಂದು ಸುಳ್ಳಿದೆ. ಇಲ್ಲಿ ಬರೆದರೆ ಊರಿನವರೂ ಓದಿಬಿಡುತ್ತಾರೆ.