ಹಿರಿಯರು ಕಂಡ ಹೆಸರಾಂತರು: ಮುಂಬಯಿ, ಪುಣೆ ಕನ್ನಡಿಗರ ಭೇಟಿಯ ನೆನಪುಗಳನ್ನು ಬರೆದಿಡುವ ಬಗೆ

ಮಾಟುಂಗಾ, ಫೋರ್ಟ್, ಡೊಂಬಿವಿಲಿಯ ಕನ್ನಡ ಮನೆಗಳಲ್ಲಿ ಎಂಬತ್ತು ದಾಟಿದ ಹಿರಿಯರನ್ನು ಮಾತಿಗೆಳೆದರೆ, ಹೆಸರಾಂತ ವ್ಯಕ್ತಿಯೊಬ್ಬರನ್ನು ಹತ್ತಿರದಿಂದ ಕಂಡ ಪ್ರಸಂಗವೊಂದು ಹೆಚ್ಚಾಗಿ ಹೊರಬರುತ್ತದೆ. ಹೊಟೇಲಿನಲ್ಲಿ ಬಡಿಸುವಾಗ, ಬ್ಯಾಂಕಿನ ಕೌಂಟರಿನಲ್ಲಿ ಕುಳಿತಿದ್ದಾಗ, ಟಪಾಲು ಹಂಚುವಾಗ, ಸಂಘದ ಸಭಾಂಗಣದಲ್ಲಿ ಕುರ್ಚಿ ಜೋಡಿಸುವಾಗ ಆದ ಭೇಟಿಗಳು ಇವು. ಮುಂಬಯಿ, ಪುಣೆ ಎಂಬ ಈ ಎರಡು ನಗರಗಳಲ್ಲಿ ಅಂಥ ಭೇಟಿಗಳಿಗೆ ಅವಕಾಶವೂ ಹೇರಳವಾಗಿತ್ತು. ಕಟ್ಟಿಂಗೇರಿಯಲ್ಲಿ ಹುಟ್ಟಿದ ಚಿತ್ರಕಾರ ಕೆ.ಕೆ. ಹೆಬ್ಬಾರರು ಮುಂಬಯಿಯಲ್ಲೇ ಬಾಳಿದರು. ಹನೇಹಳ್ಳಿಯ ಯಶವಂತ ಚಿತ್ತಾಲರು ಬಾಂದ್ರಾದಲ್ಲಿ ನೆಲೆಸಿ ಬರೆದರು. ಮಂಗಳೂರಿನಿಂದ ಬಂದ ಜಾರ್ಜ್ ಫರ್ನಾಂಡಿಸ್ ಇಲ್ಲಿಯೇ ಕಾರ್ಮಿಕ ನಾಯಕರಾಗಿ ಬೆಳೆದು 1967ರ ಲೋಕಸಭಾ ಚುನಾವಣೆಯಲ್ಲಿ ಕಾಂಗ್ರೆಸ್ಸಿನ ಹಿರಿಯ ನಾಯಕ ಎಸ್.ಕೆ. ಪಾಟೀಲರನ್ನು ಸೋಲಿಸಿದರು. ಪುಣೆಯನ್ನು ಮನೆಯಾಗಿಸಿಕೊಂಡ ಭೀಮಸೇನ ಜೋಶಿಯವರು ಗದಗ ಸೀಮೆಯವರು. ಗಿರೀಶ ಕಾರ್ನಾಡರು 1974-75ರಲ್ಲಿ ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನ ನಿರ್ದೇಶಕರಾಗಿದ್ದರು. ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಓದಿದ ಬೇಂದ್ರೆಯವರು ಕಣ್ಣು ಮುಚ್ಚಿದ್ದು 1981ರಲ್ಲಿ, ಮುಂಬಯಿಯಲ್ಲಿ.

ಇವರ ಪುಸ್ತಕ, ಚಿತ್ರ, ಧ್ವನಿಮುದ್ರಿಕೆ, ಭಾಷಣಗಳನ್ನು ಕಾಪಾಡುವವರು ಇದ್ದಾರೆ. ಅವರನ್ನು ಒಂದು ಗಂಟೆಯೋ ಅರ್ಧ ನಿಮಿಷವೋ ಕಂಡ ಮಾಣಿ, ಗುಮಾಸ್ತ, ಟ್ಯಾಕ್ಸಿ ಚಾಲಕ, ಶಾಲಾ ಶಿಕ್ಷಕಿಯ ನೆನಪನ್ನು ಕಾಪಾಡುವವರು ಮನೆಯವರೇ ಆಗಬೇಕು, ಅದೂ ಆ ಹಿರಿಯರು ಇರುವಾಗಲೇ. ಈ ಕೆಲಸವನ್ನು ಕೈಗೆತ್ತಿಕೊಳ್ಳುವ ಮಗಳು, ಮೊಮ್ಮಗ, ಸೊಸೆ ಅಥವಾ ನೆರೆಮನೆಯ ವಿದ್ಯಾರ್ಥಿಗೆ ಉಪಯೋಗವಾಗಲೆಂದು ಮುಂದಿನ ಮಾತುಗಳನ್ನು ಬರೆಯುತ್ತಿದ್ದೇನೆ.

ಮೊದಲಿಗೆ ಒಂದು ನಿಲುವನ್ನು ಗಟ್ಟಿ ಮಾಡಿಕೊಳ್ಳಿ: ನೀವು ಬರೆಯುತ್ತಿರುವುದು ದೊಡ್ಡವರ ಜೀವನಚರಿತ್ರೆಯನ್ನಲ್ಲ, ಕಂಡವರ ಜೀವನದ ಒಂದು ದಿನವನ್ನು. ಗಾಯಕರು ಎಲ್ಲಿ ಹುಟ್ಟಿದರು, ಯಾವ ಪ್ರಶಸ್ತಿ ಪಡೆದರು ಎಂಬುದನ್ನು ಓದುಗರು ಬೇರೆಡೆ ಓದಿಕೊಳ್ಳಬಹುದು. ಹದಿನಾರು ವರ್ಷದ ಹುಡುಗನೊಬ್ಬ ಹಗಲೆಲ್ಲ ಹೊಟೇಲಿನಲ್ಲಿ ದುಡಿದು, ಸಂಜೆ ಕನ್ನಡ ರಾತ್ರಿಶಾಲೆಗೆ ಹೋಗುತ್ತಿದ್ದ ಕಾಲದಲ್ಲಿ, ತಾನು ಪಾಠದಲ್ಲಿ ಓದಿದ ಕವಿಗೆ ತಾನೇ ನೀರಿನ ಲೋಟ ಇಟ್ಟನೆಂದರೆ, ಆ ಹುಡುಗ ಯಾರು, ಯಾವ ಊರಿನಿಂದ ಬಂದಿದ್ದ, ಎಷ್ಟು ಸಂಬಳ ಸಿಗುತ್ತಿತ್ತು, ಆ ಪದ್ಯವನ್ನು ಕಲಿಸಿದ ಮೇಷ್ಟ್ರು ಯಾರು ಎಂಬುದೆಲ್ಲ ಬೇರೆಲ್ಲೂ ಸಿಗುವುದಿಲ್ಲ. ಬರಹದ ಅರ್ಧಭಾಗವನ್ನಾದರೂ ಹೇಳುವವರ ಬದುಕಿಗೆ ಮೀಸಲಿಡಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಅದನ್ನು ಬಿಟ್ಟರೆ ಉಳಿಯುವುದು ಹೊಗಳಿಕೆ ಮಾತ್ರ, ಮತ್ತು ಹೊಗಳಿಕೆಗಳೆಲ್ಲ ಒಂದೇ ರೀತಿ ಇರುತ್ತವೆ.

ಹಿರಿಯರ ಮುಂದೆ ಕೂರುವ ಮೊದಲು, ಅವರು ಕಂಡ ವ್ಯಕ್ತಿಯ ಬದುಕಿನ ಮುಖ್ಯ ವರ್ಷಗಳನ್ನು ಒಂದು ಹಾಳೆಯಲ್ಲಿ ಗುರುತು ಹಾಕಿಕೊಳ್ಳಿ: ಯಾವಾಗ ಈ ಊರಿಗೆ ಬಂದರು, ಎಲ್ಲಿ ಇದ್ದರು, ಯಾವಾಗ ಬಿಟ್ಟುಹೋದರು. ಈ ಹಾಳೆಯನ್ನು ಹಿರಿಯರಿಗೆ ತೋರಿಸಬೇಡಿ, ಓದಿ ಹೇಳಲೂ ಬೇಡಿ. “ಅದು 1967 ಅಲ್ಲವೇ ಅಜ್ಜ?” ಎಂದು ನೀವು ಕೇಳಿದರೆ ಅಜ್ಜ ಹೌದೆಂದುಬಿಡುತ್ತಾರೆ, ಮುಂದಿನ ಸಲ ಆ ವರ್ಷವನ್ನು ತಮ್ಮದೇ ನೆನಪೆಂಬಂತೆ ಹೇಳುತ್ತಾರೆ. ಹಾಳೆ ಇರುವುದು ನಿಮ್ಮ ಪರಿಶೀಲನೆಗೆ, ಅವರ ಪರೀಕ್ಷೆಗಲ್ಲ.

ಕೇಳುವ ಪ್ರಶ್ನೆಯಲ್ಲಿಯೇ ಈ ಕೆಲಸದ ಬಹುಪಾಲು ಅಡಗಿದೆ. “ಅವರು ಹೇಗಿದ್ದರು?” ಎಂದು ಕೇಳಿದರೆ “ತುಂಬ ಸರಳ ವ್ಯಕ್ತಿ, ದೊಡ್ಡ ಮನಸ್ಸು” ಎಂಬ ಉತ್ತರ ಬರುತ್ತದೆ. ಇದು ಸುಳ್ಳಲ್ಲ, ಆದರೆ ಇದರಲ್ಲಿ ಕಂಡದ್ದು ಏನೂ ಇಲ್ಲ. ಅದರ ಬದಲು ಜಾಗದಿಂದ ಆರಂಭಿಸಿ: ನೀವು ಎಲ್ಲಿ ನಿಂತಿದ್ದಿರಿ, ಅವರು ಯಾವ ಕಡೆಯಿಂದ ಬಂದರು, ಬಾಗಿಲು ಯಾವ ಬದಿಗಿತ್ತು, ಜೊತೆಗೆ ಯಾರಿದ್ದರು, ನಿಮ್ಮ ಕೈಯಲ್ಲಿ ಆಗ ಏನಿತ್ತು. ಜಾಗ ಕಣ್ಣ ಮುಂದೆ ಬಂದರೆ ಉಳಿದದ್ದು ತಾನಾಗಿ ಹಿಂದೆ ಬರುತ್ತದೆ. ಆಮೇಲೆ ಮಾತಿನ ಬಗ್ಗೆ ಕೇಳಿ: ಮೊದಲು ಮಾತನಾಡಿದವರು ಯಾರು, ಯಾವ ಭಾಷೆಯಲ್ಲಿ, ನೀವು ಕನ್ನಡದವರೆಂದು ಅವರಿಗೆ ಹೇಗೆ ತಿಳಿಯಿತು. ಮುಂಬಯಿ, ಪುಣೆಗಳಲ್ಲಿ ಈ ಕೊನೆಯ ಪ್ರಶ್ನೆಯನ್ನು ಯಾವತ್ತೂ ಬಿಡಬೇಡಿ. ಮರಾಠಿಯಲ್ಲೋ ಹಿಂದಿಯಲ್ಲೋ ಶುರುವಾದ ಮಾತು ಕನ್ನಡಕ್ಕೆ, ತುಳುವಿಗೆ ಅಥವಾ ಕೊಂಕಣಿಗೆ ಹೊರಳಿದ ಆ ಗಳಿಗೆಯೇ ಎಷ್ಟೋ ಭೇಟಿಗಳ ತಿರುಳಾಗಿರುತ್ತದೆ.

ಹಿರಿಯರು ಮೌನವಾದಾಗ ಅವಸರಪಟ್ಟು ಮುಂದಿನ ಪ್ರಶ್ನೆ ಹಾಕಬಾರದು. ಅವರು ಹೇಳಿದ ಒಂದು ವಿವರ ನಿಮಗೆ ಸಣ್ಣದೆನಿಸಿದರೂ ಅಲ್ಲೇ ನಿಲ್ಲಿ. ಊಟಕ್ಕೆ ಬಂದ ದೊಡ್ಡ ಕಲಾವಿದರೊಬ್ಬರು ಎಲೆಯಲ್ಲಿ ಒಂದಗುಳನ್ನೂ ಬಿಡಲಿಲ್ಲ ಎಂದು ಅಡುಗೆಯವರೊಬ್ಬರು ಹೇಳಿದರೆ, ಅದು ‘ಸರಳ ವ್ಯಕ್ತಿ’ ಎಂಬ ಹತ್ತು ಮಾತುಗಳಿಗಿಂತ ಮೇಲು. ಅಡುಗೆಯವರಲ್ಲದೆ ಅದನ್ನು ಗಮನಿಸುವವರು ಬೇರೆ ಯಾರೂ ಇರಲಿಲ್ಲ. ಕೆಲಸದ ನಡುವೆ ಕಂಡವರ ಕಣ್ಣು ಅಭಿಮಾನಿಯ ಕಣ್ಣಿಗಿಂತ ಬೇರೆ. ದರ್ಜಿಗೆ ಅಳತೆ ನೆನಪಿರುತ್ತದೆ, ಬ್ಯಾಂಕಿನವರಿಗೆ ಸಹಿ ಹಾಕಿದ ಬಗೆ ನೆನಪಿರುತ್ತದೆ, ನರ್ಸಿಗೆ ಕೈಯ ನಡುಕ ನೆನಪಿರುತ್ತದೆ. ಆ ಕಸುಬಿನ ದಾರಿಯಲ್ಲಿಯೇ ಪ್ರಶ್ನೆ ಕೇಳಿ.

ಒಂದೇ ಬೈಠಕ್ಕಿನಲ್ಲಿ ಮುಗಿಸದೆ, ಕೆಲವು ದಿನ ಬಿಟ್ಟು ಅದೇ ಪ್ರಸಂಗವನ್ನು ಮತ್ತೊಮ್ಮೆ ಕೇಳಿ. ಎರಡು ಸಲವೂ ಒಂದೇ ರೀತಿ ಬಂದ ವಿವರಗಳು ಹೆಚ್ಚು ನೆಚ್ಚಬಹುದಾದವು; ಎರಡನೆಯ ಸಲ ಹೊಸದಾಗಿ ಸೇರಿದ ದೊಡ್ಡ ಮಾತುಗಳನ್ನು, ಅದರಲ್ಲೂ ಹೆಸರಾಂತರು ಹೇಳಿದರೆನ್ನುವ ಉದ್ದನೆಯ ವಾಕ್ಯಗಳನ್ನು, ಎಚ್ಚರದಿಂದ ನೋಡಬೇಕು. ಐವತ್ತು ವರ್ಷದ ಹಿಂದಿನ ಮಾತನ್ನು ಅಕ್ಷರಶಃ ಉಳಿಸಿಕೊಳ್ಳುವುದು ಕಷ್ಟ. ಹಿರಿಯರು ಖಚಿತವಾಗಿ ಹೇಳುವ ಒಂದೆರಡು ಪದಗಳನ್ನು ಮಾತ್ರ ಉದ್ಧರಣ ಚಿಹ್ನೆಯಲ್ಲಿಟ್ಟು, ಉಳಿದದ್ದನ್ನು “ಎಂಬ ಅರ್ಥದ ಮಾತು ಹೇಳಿದರು” ಎಂದು ಬರೆಯಿರಿ.

ಧ್ವನಿಮುದ್ರಣಕ್ಕೆ ಈಗಿನ ಫೋನೇ ಸಾಕು. ಫ್ಯಾನು ನಿಲ್ಲಿಸಿ, ಟಿ.ವಿ. ಆರಿಸಿ, ರೈಲುಹಳಿಯ ಕಡೆಯ ಕಿಟಕಿ ಮುಚ್ಚಿ, ಫೋನನ್ನು ಏರ್‌ಪ್ಲೇನ್ ಮೋಡಿನಲ್ಲಿಟ್ಟು, ಮಡಚಿದ ಬಟ್ಟೆಯ ಮೇಲೆ ಹಿರಿಯರ ಹತ್ತಿರ ಇಡಿ. ಮುದ್ರಿಸಿಕೊಳ್ಳುತ್ತಿದ್ದೇನೆಂದು ಮೊದಲೇ ಹೇಳಿ, ಅವರು ಒಪ್ಪಿದ ಮಾತು, ಆ ದಿನಾಂಕ ಮತ್ತು ಸ್ಥಳ ಮುದ್ರಣದ ಆರಂಭದಲ್ಲೇ ಕೇಳುವಂತಿರಲಿ. ಅದೇ ದಿನ ಕಡತಕ್ಕೆ ಹೆಸರು ಕೊಟ್ಟು, ಫೋನಿನ ಹೊರಗೆ ಎರಡು ಬೇರೆ ಕಡೆ ಪ್ರತಿ ಇಡಿ.

ಬರಹಕ್ಕೆ ಇಳಿಸುವಾಗ ಹಿರಿಯರ ಮಾತನ್ನು ಪುಸ್ತಕದ ಕನ್ನಡಕ್ಕೆ ತಿದ್ದುವ ಆಸೆಯನ್ನು ತಡೆಯಬೇಕು. ಪುಣೆಯಲ್ಲಿ ನೆಲೆಸಿದ ಧಾರವಾಡದ ಕಡೆಯವರು “ಅವ್ರು ಭಾಳ ಮಾತಾಡ್ಲಿಲ್ರೀ” ಎಂದರೆ ಅದು ಹಾಗೆಯೇ ಉಳಿಯಲಿ. ನಿರೂಪಣೆ ನಿಮ್ಮ ಗ್ರಾಂಥಿಕ ಕನ್ನಡದಲ್ಲಿರಬಹುದು, ಆಡಿದ ಮಾತು ಅವರ ಊರಿನದಾಗಿರಬೇಕು. ಕುಂದಾಪ್ರ ಕನ್ನಡದ ನಡುವೆ ಮರಾಠಿ ಪದಗಳು ಬರುವುದು ಇಲ್ಲಿನ ಬದುಕಿನ ಗುರುತು, ಅದನ್ನು ತೊಳೆದುಹಾಕಬೇಡಿ.

ಇನ್ನು ಪರಿಶೀಲನೆ. ಹಿರಿಯರು ಸುಳ್ಳು ಹೇಳುತ್ತಾರೆಂದಲ್ಲ, ವರ್ಷಗಳು ನೆನಪಿನಲ್ಲಿ ಒಂದರ ಮೇಲೊಂದು ಕೂರುತ್ತವೆ. ಇದನ್ನು ಬಿಡಿಸಲು ಊರಿನ ಇತಿಹಾಸವೇ ನೆರವಿಗೆ ಬರುತ್ತದೆ. ಮುಂಬಯಿಯಲ್ಲಿ ದೂರದರ್ಶನ ಆರಂಭವಾದದ್ದು 1972ರ ಅಕ್ಟೋಬರ್ 2ರಂದು, 1965ರಲ್ಲಿ ದಾದರ್ ಸ್ಟೇಷನ್ನಿನಲ್ಲಿ ಕಂಡ ಗಾಯಕರನ್ನು “ಟಿ.ವಿ.ಯಲ್ಲಿ ನೋಡಿದ್ದರಿಂದ ಗುರುತಿಸಿದೆ” ಎಂದರೆ ಎರಡರಲ್ಲಿ ಒಂದು ತಪ್ಪಿರಬೇಕು. ಕೊಂಕಣ ರೈಲು ಪೂರ್ಣವಾಗಿ ಓಡತೊಡಗಿದ್ದು 1998ರ ಜನವರಿಯಲ್ಲಿ. ಉಡುಪಿಯಿಂದ ನೇರ ರೈಲಿನಲ್ಲಿ ಬರುವಾಗ ಎದುರು ಸೀಟಿನಲ್ಲಿ ಸಿಕ್ಕರೆಂಬ ಕಥೆ ಅದಕ್ಕಿಂತ ಹಿಂದಿನದಾಗಲಾರದು, ಬಹುಶಃ ಅದು ಬಸ್ಸಿನ ಪ್ರಯಾಣವಿರಬಹುದು. ಹಾಗೆ ಕೇಳಿದಾಗ “ಹೌದು, ಬಸ್ಸು, ಘಾಟಿಯಲ್ಲಿ ಕೆಟ್ಟು ನಿಂತಿತ್ತು” ಎಂದು ಇಡೀ ಪ್ರಸಂಗ ಹೊಸ ಬೆಳಕಿನಲ್ಲಿ ತೆರೆದುಕೊಳ್ಳುವುದುಂಟು.

ಪುಣೆಯ ಸವಾಯಿ ಗಂಧರ್ವ ಸಂಗೀತ ಮಹೋತ್ಸವದ ನೆನಪುಗಳು ಬಹಳ ಮನೆಗಳಲ್ಲಿರುವುದರಿಂದ ಅದರ ಬಗ್ಗೆ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಕುಂದಗೋಳದ ಗಾಯಕ ರಾಮಭಾವು, ಅಂದರೆ ಸವಾಯಿ ಗಂಧರ್ವರು, ತೀರಿಕೊಂಡದ್ದು 1952ರಲ್ಲಿ. ಅವರ ಶಿಷ್ಯ ಭೀಮಸೇನ ಜೋಶಿಯವರು ಮುಂದೆ ನಿಂತು ನಡೆಸಿದ ಈ ಉತ್ಸವ ಆರಂಭವಾದದ್ದು 1953ರಲ್ಲಿ. ಅಲ್ಲಿ ಗಂಗೂಬಾಯಿ ಹಾನಗಲ್ಲರನ್ನೋ ಮಲ್ಲಿಕಾರ್ಜುನ ಮನ್ಸೂರರನ್ನೋ ಕೇಳಿ, ಆಮೇಲೆ ಹತ್ತಿರ ಹೋಗಿ ಕನ್ನಡದಲ್ಲಿ ಮಾತನಾಡಿಸಿದೆವೆಂದು ಹೇಳುವವರಿಗೆ, ಮೈಫಿಲು ಎಷ್ಟು ಹೊತ್ತಿಗೆ ಮುಗಿಯಿತೆಂದು ಕೇಳಿ. ಬೆಳಗಿನ ಜಾವದವರೆಗೂ ಚಾಪೆಯ ಮೇಲೆ ಕುಳಿತಿದ್ದೆವೆಂದರೆ ಅದು ಹೆಚ್ಚಾಗಿ ಹಳೆಯ ಕಾಲದ ನೆನಪು. 2000ದಲ್ಲಿ ಬಂದ ಶಬ್ದಮಾಲಿನ್ಯ ನಿಯಮಗಳು ಬಯಲಿನಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರ ವರೆಗೆ ಧ್ವನಿವರ್ಧಕಕ್ಕೆ ತಡೆಯೊಡ್ಡಿದವು. ಮನ್ಸೂರರು 1992ರಲ್ಲಿ, ಗಂಗೂಬಾಯಿಯವರು 2009ರಲ್ಲಿ ತೀರಿಕೊಂಡರೆಂಬುದೂ ಒಂದು ಗಡಿರೇಖೆ. ಉತ್ಸವದ ಹೆಸರಿನೊಡನೆ ಭೀಮಸೇನರ ಹೆಸರು ಸೇರಿದ್ದು 2011ರಲ್ಲಿ ಅವರು ತೀರಿಕೊಂಡ ಮೇಲೆ. ಇಂಥ ಗಡಿಗಳ ನಡುವೆ, ಮನೆಯ ಘಟನೆಗಳನ್ನು ಜೋಡಿಸಿ: ದೊಡ್ಡ ಮಗ ಹುಟ್ಟಿದ್ದನೇ, ಯಾವ ಬಾಡಿಗೆ ಮನೆಯಲ್ಲಿದ್ದಿರಿ, ಯಾರ ಮದುವೆ ಆಗಿತ್ತು. ವರ್ಷ ಖಚಿತವಾಗದಿದ್ದರೆ “1970ರ ದಶಕದ ಕೊನೆಯಲ್ಲಿ” ಎಂದರೆ ಯಾವ ನಷ್ಟವೂ ಇಲ್ಲ.

ಜಾಗದ ಹೆಸರುಗಳನ್ನು ಹಿರಿಯರು ಹೇಳಿದಂತೆಯೇ ಬರೆದು, ಈಗಿನ ಹೆಸರನ್ನು ಒಮ್ಮೆ ಸೂಚಿಸಿ. ಅವರ ಬೋರಿಬಂದರ್, ವಿ.ಟಿ. ಈಗಿನ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್; ಅವರ ಫ್ಲೋರಾ ಫೌಂಟನ್ ಈಗಿನ ಹುತಾತ್ಮ ಚೌಕ; ಕಿಂಗ್ಸ್ ಸರ್ಕಲಿನ ತೋಟ ಈಗಿನ ಮಾಹೇಶ್ವರಿ ಉದ್ಯಾನ.

ನೆನಪಿನ ಜೊತೆಗೆ ವಸ್ತುಗಳೂ ಇರುತ್ತವೆ: ಒಂದು ಫೋಟೊ, ಹಸ್ತಾಕ್ಷರದ ಹಾಳೆ, ಪೋಸ್ಟ್ ಕಾರ್ಡು, ಆಮಂತ್ರಣಪತ್ರಿಕೆ. ಮುಂಬಯಿಯ ಮಳೆಗಾಲದ ತೇವ ಇವುಗಳ ಮೊದಲ ಶತ್ರು. ಹಳೆಯ ಅಂಟು ಆಲ್ಬಮ್ಮಿನಿಂದ ಫೋಟೊ ಸುಲಭವಾಗಿ ಬಿಟ್ಟುಕೊಂಡರೆ ಮಾತ್ರ ತೆಗೆಯಿರಿ, ಇಲ್ಲವಾದರೆ ಪುಟದ ಸಮೇತ 600 ಡಿ.ಪಿ.ಐ.ನಲ್ಲಿ ಸ್ಕ್ಯಾನ್ ಮಾಡಿಸಿ. ಯಾವುದನ್ನೂ ಲ್ಯಾಮಿನೇಟ್ ಮಾಡಿಸಬೇಡಿ, ಅದನ್ನು ಮತ್ತೆ ಬಿಡಿಸಲಾಗುವುದಿಲ್ಲ. ಫೋಟೊದಲ್ಲಿರುವವರ ಹೆಸರುಗಳನ್ನು ಎಡದಿಂದ ಬಲಕ್ಕೆ ಬೇರೆ ಕಾಗದದಲ್ಲಿ ಬರೆದು ಲಕೋಟೆಯೊಳಗಿಡಿ. ಹಿಂಬದಿಯಲ್ಲೇ ಬರೆಯಬೇಕಾದರೆ ಮೆತ್ತನೆಯ ಪೆನ್ಸಿಲಿನಲ್ಲಿ ಬರೆಯಿರಿ, ಬಾಲ್‌ಪೆನ್ನಿನ ಒತ್ತು ಮುಂಬದಿಗೆ ಮೂಡುತ್ತದೆ. ಹಸ್ತಾಕ್ಷರವನ್ನು ಬಿಸಿಲು ಬೀಳುವ ಗೋಡೆಗೆ ತೂಗುಹಾಕಿದರೆ ಶಾಯಿ ಮಾಸುತ್ತದೆ. ಗೋಡೆಗೆ ಅದರ ಪ್ರತಿ ಸಾಕು.

ಪತ್ರಗಳ ವಿಷಯದಲ್ಲಿ ಕಾನೂನನ್ನು ತಿಳಿದಿರಬೇಕು. ಸಾಹಿತಿಯೊಬ್ಬರು ನಿಮ್ಮ ತಂದೆಗೆ ಬರೆದ ಪತ್ರದ ಕಾಗದ ನಿಮ್ಮ ಮನೆಯದು, ಅದರೊಳಗಿನ ಬರಹದ ಹಕ್ಕು ಬರೆದವರದು ಮತ್ತು ಅವರ ನಂತರ ವಾರಸುದಾರರದು. ಭಾರತದಲ್ಲಿ ಲೇಖಕರು ಬದುಕಿದ್ದಾಗ ಪ್ರಕಟವಾದ ಬರಹಕ್ಕೆ ಈ ಹಕ್ಕು ಅವರು ತೀರಿಕೊಂಡ ಮರುವರ್ಷದಿಂದ 60 ವರ್ಷ ಇರುತ್ತದೆ. ಬೇಂದ್ರೆಯವರ ಅಂಥ ಬರಹಕ್ಕೆ ಅದು 2041ರ ಕೊನೆಯವರೆಗೆ, 2014ರಲ್ಲಿ ತೀರಿಕೊಂಡ ಚಿತ್ತಾಲರ ಅಂಥ ಬರಹಕ್ಕೆ 2074ರ ಕೊನೆಯವರೆಗೆ. ಬರೆದವರು ಬದುಕಿದ್ದಾಗ ಪ್ರಕಟವಾಗದ ಪತ್ರಕ್ಕಾದರೆ ಅದು ಮೊದಲು ಪ್ರಕಟವಾದ ಮರುವರ್ಷದಿಂದ 60 ವರ್ಷ. ಆದ್ದರಿಂದ ಪತ್ರವನ್ನು ಇಡಿಯಾಗಿ ಪ್ರಕಟಿಸುವ ಮುನ್ನ ಬರೆದವರ ಮನೆಯವರ ಒಪ್ಪಿಗೆ ಪಡೆಯಿರಿ.

ಕಾನೂನು ಹೇಳದ ಸೂಕ್ಷ್ಮಗಳೂ ಇವೆ. ಕುಡಿತ, ಕಾಯಿಲೆ, ಸಾಲ, ಮನೆಯೊಳಗಿನ ಜಗಳ ಇಂಥವನ್ನು ಹಿರಿಯರು ನಿಮ್ಮಲ್ಲಿ ನಂಬಿಕೆಯಿಟ್ಟು ಹೇಳಿರಬಹುದು. ಅವರು ಸ್ವತಃ ಕಂಡದ್ದಲ್ಲವಾದರೆ ಅದನ್ನು ಬರೆಯಲೇಬಾರದು. ಕಂಡದ್ದೇ ಆದರೂ, ತೀರಿಹೋದವರ ಮಕ್ಕಳು ಓದಿದಾಗ ನೋವಾಗುವುದಕ್ಕೆ ತಕ್ಕ ಕಾರಣವಿದೆಯೇ ಎಂದು ಕೇಳಿಕೊಳ್ಳಿ. ಹಾಗೆಂದು ಎಲ್ಲ ಕಹಿಯನ್ನೂ ತೆಗೆಯಬೇಕಾಗಿಲ್ಲ. ಹಸ್ತಾಕ್ಷರ ಕೇಳಲು ಹೋದಾಗ ಗದರಿದರೆಂಬುದು ಗದರಿಸಿಕೊಂಡವರ ಸ್ವಂತ ಅನುಭವ. ಅದನ್ನು ಬರೆಯುವ ಹಕ್ಕು ಅವರಿಗೆ ಪೂರ್ತಿಯಾಗಿದೆ.

ಬರಹ ಮುಗಿದ ಮೇಲೆ ದೊಡ್ಡ ಅಕ್ಷರದಲ್ಲಿ ಮುದ್ರಿಸಿ ಹಿರಿಯರಿಗೆ ಕೊಡಿ, ಕಣ್ಣು ಮಂಜಾಗಿದ್ದರೆ ನೀವೇ ಗಟ್ಟಿಯಾಗಿ ಓದಿ ಹೇಳಿ. ಅವರು ತಿದ್ದಿದ್ದನ್ನು ತಿದ್ದಿ, ತೆಗೆಯೆಂದದ್ದನ್ನು ತೆಗೆಯಿರಿ. ಕೊನೆಯಲ್ಲಿ ಹೇಳಿದವರ ಹೆಸರು, ಕೇಳಿದವರ ಹೆಸರು, ಮಾತುಕತೆ ನಡೆದ ದಿನಾಂಕ ಮತ್ತು ಸ್ಥಳ ಇರಲಿ. ಒಂದು ಪ್ರತಿ ಮನೆಯಲ್ಲಿ, ಇನ್ನೊಂದು ಊರಿನಲ್ಲಿರುವ ಬಂಧುಗಳಲ್ಲಿ ಉಳಿಯಲಿ. ಮೂರನೆಯದನ್ನು ಮೈಸೂರು ಅಸೋಸಿಯೇಷನ್, ಕರ್ನಾಟಕ ಸಂಘದಂಥ ಹಳೆಯ ಸಂಸ್ಥೆಗಳು ಅಥವಾ ಕಲೀನಾದಲ್ಲಿರುವ ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗ ಇರಿಸಿಕೊಳ್ಳುವುದೇ ಎಂದು ವಿಚಾರಿಸಿ, ಒಪ್ಪಿದರೆ ಧ್ವನಿಮುದ್ರಣದ ಪ್ರತಿಯನ್ನೂ ಸೇರಿಸಿ ಕೊಡಿ.