ಕೋರ್ಟ್ ಮುಚ್ಚಿತ್ತು, ಬಾಡಿಗೆ ಓಡುತ್ತಲೇ ಇತ್ತು: ಕೋವಿಡ್ ಕಾಲದ ಅಂಗಡಿ ಕೇಸ್‌ಗಳು

ನಾನು ಬೆಂಗಳೂರಿನಲ್ಲಿ ಬಾಡಿಗೆ ವ್ಯಾಜ್ಯಗಳನ್ನು ನಡೆಸುವ ವಕೀಲ. 2020ರ ಏಪ್ರಿಲ್‌ನಲ್ಲಿ, ಲಾಕ್‌ಡೌನ್ ಹೊತ್ತಿನಲ್ಲಿ, ಅಂಗಡಿ ಬಾಡಿಗೆದಾರರಿಂದ ಬಂದ ಫೋನ್‌ಗಳಲ್ಲಿ ಹೆಚ್ಚಿನವು ಒಂದೇ ಪ್ರಶ್ನೆಯವು. "ಸಾರ್, ಸರ್ಕಾರವೇ ಬಾಗಿಲು ಹಾಕಿಸಿದೆ. ನಾನ್ಯಾಕೆ ಬಾಡಿಗೆ ಕೊಡಬೇಕು?" ಪ್ರಶ್ನೆ ನ್ಯಾಯವಾಗಿಯೇ ಇತ್ತು. ಆದರೆ ಕಾನೂನಿನಲ್ಲಿ ಇದ್ದ ಉತ್ತರ ಅವರಿಗೆ ಬೇಕಾದ ಉತ್ತರವಾಗಿರಲಿಲ್ಲ.

ಕೇಂದ್ರ ಗೃಹ ಸಚಿವಾಲಯ ಮಾರ್ಚ್ 29ರಂದು ಹೊರಡಿಸಿದ ಆದೇಶವನ್ನು ಸುಮಾರು ಜನ ವಾಟ್ಸಾಪ್‌ನಲ್ಲಿ ಕಳಿಸುತ್ತಿದ್ದರು. ಒಂದು ತಿಂಗಳು ಬಾಡಿಗೆ ಕೇಳಬೇಡಿ ಅಂತ ಅದು ಹೇಳಿದ್ದು ಕಾರ್ಮಿಕರು ಮತ್ತು ವಲಸಿಗರು ಇರುವ ಮನೆಗಳ ಬಗ್ಗೆ. ಅಂಗಡಿಗೆ ಅದು ಬರುವುದಿಲ್ಲ. ಬ್ರಿಟನ್ 2020ರ ಕಾಯ್ದೆಯಲ್ಲೇ ಬಾಡಿಗೆ ಬಾಕಿಗಾಗಿ ವ್ಯಾಪಾರಿಗಳನ್ನು ಹೊರಹಾಕುವುದನ್ನು ತಡೆದಿತ್ತು. ನಮ್ಮಲ್ಲಿ ಅಂಥ ಕಾಯ್ದೆ ಬರಲೇ ಇಲ್ಲ. ಕರ್ನಾಟಕ ಬಾಡಿಗೆ ಕಾಯ್ದೆಯೂ 14 ಚದರ ಮೀಟರ್‌ಗಿಂತ ದೊಡ್ಡ ಮಳಿಗೆಗೆ ಅನ್ವಯಿಸುವುದಿಲ್ಲ. ಹಾಗಾಗಿ ಕೊನೆಗೆ ಉಳಿಯುವುದು ನಿಮ್ಮ ಕರಾರು ಮತ್ತು ಸ್ವತ್ತು ವರ್ಗಾವಣೆ ಕಾಯ್ದೆ.

ಆ ಕಾಯ್ದೆಯ 108ನೇ ಕಲಂ ಬಾಡಿಗೆದಾರನಿಗೆ ಒಂದು ದಾರಿ ಕೊಡುತ್ತದೆ. ಬೆಂಕಿ, ಪ್ರವಾಹ ಅಥವಾ ತಡೆಯಲಾಗದ ಬೇರೆ ಶಕ್ತಿಯಿಂದ ಜಾಗ ನಾಶವಾದರೆ, ಇಲ್ಲವೇ ಶಾಶ್ವತವಾಗಿ ಬಳಕೆಗೆ ಬಾರದಂತಾದರೆ, ಅವನು ಲೀಸ್ ಮುಗಿಸಬಹುದು. ಶಟರ್ ಎರಡು ತಿಂಗಳು ಇಳಿದಿದ್ದರೆ ಅದು ಶಾಶ್ವತ ಅಲ್ಲ. ದೆಹಲಿ ಹೈಕೋರ್ಟ್ 2020ರ ಮೇ 21ರಂದು ಖಾನ್ ಮಾರ್ಕೆಟ್‌ನ ಒಂದು ಅಂಗಡಿಯ ಕೇಸಿನಲ್ಲಿ ಇದನ್ನೇ ಬಿಡಿಸಿ ಹೇಳಿತು. ಜಾಗ ಬಿಡುವುದಿಲ್ಲ, ಬಾಡಿಗೆಯೂ ಕೊಡುವುದಿಲ್ಲ ಅನ್ನುವುದು ನಡೆಯದು. ಬಾಡಿಗೆ ಕಟ್ಟಲು ಆ ಬಾಡಿಗೆದಾರರಿಗೆ ಸ್ವಲ್ಪ ಸಮಯ ಮಾತ್ರ ಸಿಕ್ಕಿತು. ನನ್ನ ಕಕ್ಷಿದಾರರಿಗೆ ಈ ತೀರ್ಪನ್ನು ಓದಿ ಹೇಳುವುದು ಸುಲಭವಿರಲಿಲ್ಲ. ಆದರೂ ಹೇಳಿದೆ. ಸುಳ್ಳು ಭರವಸೆಯಿಂದ ಬಾಕಿ ಬೆಳೆಯುತ್ತದೆ, ಅಷ್ಟೇ.

ಕೋರ್ಟ್‌ಗಳ ಕಡೆ ಪರಿಸ್ಥಿತಿ ಬೇರೆ. ನಮ್ಮ ಹೈಕೋರ್ಟ್ ಮಾರ್ಚ್ 24ರಂದು ಖಾಲಿ ಮಾಡಿಸುವ ಆದೇಶಗಳನ್ನೆಲ್ಲ ಒಂದು ತಿಂಗಳ ಮಟ್ಟಿಗೆ ತಡೆಹಿಡಿದು, ಆಮೇಲೆ ಅದನ್ನು ಮುಂದುವರಿಸಿತು. ಮಾಲೀಕರ ಕೈಯಲ್ಲಿ ಡಿಕ್ರಿ, ಅಂದರೆ ಕೋರ್ಟಿನ ಅಂತಿಮ ಆದೇಶ, ಇದ್ದರೂ ಅದನ್ನು ಜಾರಿ ಮಾಡುವ ಕೋರ್ಟ್ ಸಿಬ್ಬಂದಿ ಅಮೀನ ಬಾಗಿಲಿಗೆ ಬರುವಂತಿರಲಿಲ್ಲ. ಸುಪ್ರೀಂ ಕೋರ್ಟ್ ಮಾರ್ಚ್ 23ರಂದೇ ಕಾಲಮಿತಿಯನ್ನು, ಅಂದರೆ ಕೇಸು ಹಾಕಲು ಇರುವ ಗಡುವನ್ನು, ವಿಸ್ತರಿಸಿತ್ತು. ಕೊನೆಗೆ 2020ರ ಮಾರ್ಚ್ 15ರಿಂದ 2022ರ ಫೆಬ್ರುವರಿ 28ರವರೆಗಿನ ಅಷ್ಟೂ ಅವಧಿಯನ್ನು ಲೆಕ್ಕದಿಂದ ಬಿಟ್ಟಿತು. ಇಲ್ಲಿ ಜಾಸ್ತಿ ಜನ ಎಡವಿದರು. ವಿಸ್ತರಣೆ ಸಿಕ್ಕಿದ್ದು ದಾವೆ, ಅಪೀಲು ಹಾಕುವುದಕ್ಕೆ. ಬಾಡಿಗೆ ಕಟ್ಟುವ ತಾರೀಖು ಒಂದು ದಿನವೂ ಮುಂದೆ ಹೋಗಲಿಲ್ಲ.

ನೋಟಿಸ್ ಜಾರಿ ಮಾಡುವುದೇ ಕಷ್ಟವಾಗಿತ್ತು. ಜುಲೈ 10ರಂದು ಸುಪ್ರೀಂ ಕೋರ್ಟ್ ಇಮೇಲ್, ವಾಟ್ಸಾಪ್ ಮೂಲಕವೂ ಜಾರಿ ಮಾಡಬಹುದು ಎಂದ ಮೇಲೆ ಉಸಿರಾಡುವಂತಾಯಿತು. ತುರ್ತು ವಿಷಯಗಳನ್ನು ವಿಡಿಯೊದಲ್ಲಿ ವಾದಿಸಿದೆವು. ಪಾಟಿ ಸವಾಲನ್ನು ಮಾತ್ರ ನಾನು ಪರದೆ ಮೇಲೆ ಮಾಡಲು ಒಪ್ಪಲಿಲ್ಲ. ಸಾಕ್ಷಿಯ ಪಕ್ಕದಲ್ಲಿ ಯಾರು ಕೂತಿದ್ದಾರೆ ಅಂತ ನನಗೆ ಕಾಣಬೇಕು, ಅಲ್ವಾ?

ತೀರ್ಪು ಯಾವಾಗ ಬರುತ್ತದೋ ಗೊತ್ತಿಲ್ಲದ ಆ ಹೊತ್ತಿನಲ್ಲಿ ನಾನು ಹಿಡಿದ ದಾರಿ ರಾಜಿ. ಒಂದು ಬಟ್ಟೆ ಅಂಗಡಿಯ ಉದಾಹರಣೆ ಕೊಡುತ್ತೇನೆ. ಬಾಡಿಗೆ ತಿಂಗಳಿಗೆ 60,000 ರೂಪಾಯಿ, ಅಡ್ವಾನ್ಸ್ 6 ಲಕ್ಷ. ಬಾಡಿಗೆದಾರರಿಗೆ ನಾನು ಹೇಳಿದ್ದು ಒಂದೇ: "ಕಷ್ಟ ಇದೆ ಅಂತ ಬಾಯಲ್ಲಿ ಹೇಳಬೇಡಿ, ಜಿಎಸ್‌ಟಿ ರಿಟರ್ನ್ ತನ್ನಿ." ಏಪ್ರಿಲ್ ರಿಟರ್ನ್‌ನಲ್ಲಿ ಮಾರಾಟ ಸೊನ್ನೆ. ಅದನ್ನು ನೋಡಿದ ಮೇಲೆ ಮಾಲೀಕರ ದನಿಯೇ ಬದಲಾಯಿತು. "ನನಗೂ ಕಟ್ಟಡದ ಮೇಲೆ ಸಾಲ ಇದೆಯಪ್ಪಾ" ಅಂದರು. ಆ ಸಾಲದ ಪತ್ರಗಳನ್ನೂ ತರಿಸಿದೆ. ರಿಸರ್ವ್ ಬ್ಯಾಂಕ್ ಮಾರ್ಚ್ 27ರಂದು ಪ್ರಕಟಿಸಿದ ಕಂತು ಮುಂದೂಡಿಕೆ ಅವರಿಗೂ ಸಿಗುವಂತಿತ್ತು. ಬಡ್ಡಿ ಬೀಳುತ್ತದೆ ನಿಜ. ಆದರೆ ಅವರಿಗೂ ಉಸಿರು ಬಿಡಲು ಜಾಗ ಸಿಕ್ಕಿತು.

ಕೊನೆಗೆ ಆದ ರಾಜಿ ಇದು: ಏಪ್ರಿಲ್, ಮೇ ಬಾಡಿಗೆಯಲ್ಲಿ ಅರ್ಧ ಮನ್ನಾ. ಉಳಿದ 60,000 ಅಡ್ವಾನ್ಸ್‌ನಿಂದ ಕಡಿತ. ಜೂನ್‌ನಿಂದ ಆಗಸ್ಟ್‌ವರೆಗೆ ಅರ್ಧ ಬಾಡಿಗೆ ಆಗಲೇ ಕೊಡುವುದು. ಮಿಕ್ಕ 90,000 ರೂಪಾಯಿಯನ್ನು 2021ರ ಜನವರಿಯಿಂದ ತಿಂಗಳಿಗೆ 10,000ದಂತೆ ಒಂಬತ್ತು ಕಂತಿನಲ್ಲಿ, ಬಡ್ಡಿ ಇಲ್ಲದೆ. ಇಷ್ಟನ್ನೂ ಛಾಪಾ ಕಾಗದದಲ್ಲಿ ಪೂರಕ ಕರಾರಾಗಿ ಬರೆದು ಇಬ್ಬರ ಸಹಿ ಹಾಕಿಸಿದೆ. ಅಡ್ವಾನ್ಸ್ ಈಗ 5 ಲಕ್ಷ 40 ಸಾವಿರ, ಅದನ್ನು ಮತ್ತೆ ತುಂಬಬೇಕಿಲ್ಲ ಅನ್ನುವ ಸಾಲನ್ನೂ ಸೇರಿಸಿದೆ. ಬರೀ ಫೋನಿನಲ್ಲಿ "ಆಯ್ತು ನೋಡೋಣ" ಅಂತ ಮಾತಾಡಿಕೊಂಡವರ ಎಷ್ಟೋ ಜಗಳಗಳು ಆಮೇಲೆ ನನ್ನ ಕಚೇರಿಗೆ ಬಂದವು. ಮನ್ನಾ ಅಂತ ಒಬ್ಬರು, ಬಾಕಿ ಅಂತ ಇನ್ನೊಬ್ಬರು. ಅದಕ್ಕೇ ಸಹಿಯ ವಿಷಯದಲ್ಲಿ ನಾನು ಅಷ್ಟು ಹಟ ಮಾಡುವುದು.

ಈಗ ನಾನು ಬರೆಯುವ ಪ್ರತಿ ಅಂಗಡಿ ಕರಾರಿನಲ್ಲೂ ಒಂದು ಹೊಸ ಷರತ್ತು ಇರುತ್ತದೆ. ಸರ್ಕಾರಿ ಆದೇಶದಿಂದ ಅಂಗಡಿ ಪೂರ್ತಿ ಮುಚ್ಚಿದರೆ ಆ ದಿನಗಳಿಗೆ ಅರ್ಧ ಬಾಡಿಗೆ, ಮೆಂಟೇನೆನ್ಸ್ ಮಾತ್ರ ಪೂರ್ತಿ. ಮಾಲೀಕರು ಮೊದಲು ಮುಖ ಗಂಟಿಕ್ಕುತ್ತಾರೆ. ಈ ರಿಯಾಯಿತಿ ಹೆಚ್ಚೆಂದರೆ ಮೂರು ತಿಂಗಳು, ಆಮೇಲೆ ಯಾರು ಬೇಕಾದರೂ 15 ದಿನದ ನೋಟಿಸ್ ಕೊಟ್ಟು ಕರಾರು ಮುಗಿಸಬಹುದು ಅಂತ ಸೇರಿಸಿದರೆ ಸಾಮಾನ್ಯವಾಗಿ ಒಪ್ಪುತ್ತಾರೆ.